ನಡುಬಾಗಿಲ ಜವಾನ

ಮಾರ್ಚ್ ೪, ಸೋಮವಾರ

ಉಪವಾಸ. ನೀರು ಮಾತ್ರ. ಹೊತ್ತು ಮುಳುಗುವವರೆಗೆ ಮಾತೂ ಇಲ್ಲ. ಅಣ್ಣ ಹೋದ ಮೇಲೆ ಅವನ ಹೆಸರಲ್ಲಿ ಹಿಡಿದ ಮೌನ. ವರ್ಷ ತುಂಬುವವರೆಗೆ ಒಂದು ಸೋಮವಾರವೂ ತಪ್ಪಿಸುವುದಿಲ್ಲ ಎಂದು ದೇವರ ಮುಂದೆ ಹೇಳಿಕೊಂಡಿದ್ದೇನೆ. ಇನ್ನು ಸ್ವಲ್ಪವೇ ಬಾಕಿ.

ಎದ್ದು ಕಸ ಗುಡಿಸಿದೆ. ಬೆಕ್ಕುಗಳ ಮರಳು ಬದಲಿಸಿದೆ. ಬೆತ್ತದ ಪಟ್ಟಿ ಟಬ್ಬಿನಲ್ಲಿ ನೆನೆಹಾಕಿದೆ. ಕುರ್ಚಿ ಅಂಗಡಿಯವನು ರಿಪೇರಿಗೆ ಎರಡು ಕಳಿಸಿದ್ದಾನೆ, ಎರಡರ ಸೀಟೂ ಹರಿದಿದೆ. ಹೆಣೆಯಲು ಕೂತರೆ ಕಳ್ಳ ಎಂಬ ಬೆಕ್ಕು ಬಂದು ತೂತಿನಲ್ಲಿ ತಲೆ ತೂರಿಸಿ ನನ್ನನ್ನೇ ನೋಡುತ್ತದೆ. ಬೈಯುವಂತಿಲ್ಲ. ಸೋಮವಾರ ಅಂತ ಅದಕ್ಕೆ ಗೊತ್ತು.

ಈ ಮನೆಗೆ ಬಂದು ವಾರವಾಯಿತು. ನಾನೂ ಒಂಟಿ, ಅತ್ತಿಗೆಯೂ ಒಂಟಿ. ಎರಡು ಊರಲ್ಲಿ ಎರಡು ಬಾಡಿಗೆ ಯಾಕೆ ಅಂತ ಅವರೇ ಫೋನ್ ಮಾಡಿದ್ದು. ನನ್ನ ಕಡೆಯಿಂದ ಮೂರು ಬೆಕ್ಕು — ಮುದುಕಿ, ಬೂದಿ, ಕಳ್ಳ. ಅವರ ಕಡೆಯಿಂದ ಎರಡು ನಾಯಿ. ಗೇಣುದ್ದದ್ದು ಗಲಾಟೆ. ಕರುವಿನಷ್ಟಿರುವುದು ಜವಾನ. ಜವಾನ ಅಣ್ಣನ ನಾಯಿ. ನೀರಿನ ಮೀಟರ್ ಓದಲು ಮನೆಮನೆ ಸುತ್ತುವಾಗ ಅವನ ಹಿಂದೆಯೇ ಹೋಗುತ್ತಿತ್ತಂತೆ.

ಪಶುಡಾಕ್ಟರು ಹೇಳಿದ್ದು: ಒಮ್ಮೆಲೇ ಎದುರುಬದುರು ಬಿಡಬೇಡಿ. ನಡುಬಾಗಿಲು ಹಾಕಿಡಿ. ಬೆಕ್ಕು ಹಿಂದಿನ ಕೋಣೆಯಲ್ಲಿ, ನಾಯಿ ಹಾಲ್‌ನಲ್ಲಿ. ಮಲಗುವ ಬಟ್ಟೆ ಅದಲುಬದಲು ಮಾಡಿ, ವಾಸನೆ ಪರಿಚಯವಾಗಲಿ. ಊಟದ ತಟ್ಟೆ ದಿನದಿನಕ್ಕೆ ಬಾಗಿಲ ಹತ್ತಿರ ತನ್ನಿ.

ಕೇಳಿ ಅತ್ತಿಗೆ ನಕ್ಕರು. “ನಾನು ಮದುವೆಯಾಗಿ ಬಂದಾಗ ನಮ್ಮಿಬ್ರ ಮಧ್ಯ ಯಾರಾದ್ರೂ ಹೀಗೊಂದು ಬಾಗಿಲು ಹಾಕಿದ್ರೆ ಎಷ್ಟೋ ಚೆನ್ನಾಗಿರ್ತಿತ್ತು ಪುಟ್ಟಿ.”

ಐವತ್ತು ತುಂಬಿದರೂ ಪುಟ್ಟಿ. ಅಣ್ಣ ಇಟ್ಟಿದ್ದು.

ಒಂದು ತಿಂಗಳು ನೋಡೋಣ ಅಂದಿದ್ದಾರೆ. ಪ್ರಾಣಿಗಳ ವಿಷಯವೋ ನನ್ನ ವಿಷಯವೋ ಗೊತ್ತಾಗಲಿಲ್ಲ. ನೋಡೋಣ ಅಂದರೇ ಹೊರತು ಇಲ್ಲೇ ಇರು ಅನ್ನಲಿಲ್ಲ.

ಮಾರ್ಚ್ ೬, ಬುಧವಾರ

ಬಟ್ಟೆ ಅದಲುಬದಲು. ಜವಾನನ ಗೋಣಿ ತಂದು ಹಾಸಿದ ತಕ್ಷಣ ಮುದುಕಿ ಅದರ ನಟ್ಟನಡುವೆ ಉಚ್ಚೆ ಹೊಯ್ದಳು. ಪರಿಚಯ ಆಯಿತು.

ಸಂಜೆ ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ, ಅಂಗಳದಲ್ಲಿಟ್ಟಿದ್ದ ಟಬ್ಬಿಗೆ ಜವಾನ ಬಾಯಿ ಹಾಕಿ ಬೆತ್ತದ ನೀರು ಕುಡಿಯುತ್ತಿತ್ತು. ಪಟ್ಟಿಯೆಲ್ಲ ಜೊಲ್ಲು. “ಇರು, ನಿನಗೆ ಮಾಡ್ತೀನಿ” ಅಂದೆ. ಬೇರೆ ನಾಯಿಯಾಗಿದ್ದರೆ ಬಾಲ ಮುದುರಿ ಓಡುತ್ತಿತ್ತು. ಇದು ಕೂತುಬಿಟ್ಟಿತು! ಕೂತು ನನ್ನ ಮುಖವನ್ನೇ ನೋಡಿತು. ಕಣ್ಣು ಪಿಳುಕಿಸಲಿಲ್ಲ. ಒಳಗೆ ಹೋಗಿ ಅರ್ಧ ಕುರ್ಚಿ ಹೆಣೆದು ಬಂದೆ. ಹಾಗೇ ಇತ್ತು. ಎದುರಿಸಿ ಕೂರುವ ನಾಯಿಯನ್ನು ಇದೇ ಮೊದಲು ನೋಡಿದ್ದು. ಅತ್ತಿಗೆ ಆಸ್ಪತ್ರೆ ಲಾಂಡ್ರಿಯ ಕೆಲಸ ಮುಗಿಸಿ ಬಂದು “ಬಾರೋ” ಅಂದರು. ಆಗ ಎದ್ದು ಮೈಕೊಡವಿ ಹೋಯಿತು. ಯಜಮಾನಿ ಮುಂದೆ ಸಂಪನ್ನ.

ಮಾರ್ಚ್ ೯, ಶನಿವಾರ

ಬೆಕ್ಕಿಗಿಟ್ಟ ಹಾಲನ್ನು ಗಲಾಟೆ ನೆಕ್ಕಿತು. ನಾನು ಪೊರಕೆ ಎತ್ತಿದೆ. ಅತ್ತಿಗೆ “ತಡಿ, ತಡಿ” ಅಂತ ಓಡಿ ಬಂದರು.

ಇದೊಂದು ವಿಚಿತ್ರ. ಲೋಕವೆಲ್ಲ ಇರು ಅನ್ನುವ ಕಡೆ ಇವರು ತಡಿ. ಹಾಲು ಉಕ್ಕಿದರೂ ತಡಿ, ಬಾಗಿಲು ಬಡಿದರೂ ತಡಿ. ಮೊದಲು ಹೀಗೆ ಅನ್ನುತ್ತಿದ್ದ ನೆನಪಿಲ್ಲ. ತಮಾಷೆಗೆ ಹೇಳಿದೆ — “ಅತ್ತಿಗೆ, ನಮ್ಮ ಹಳ್ಳೀಲಿ ತಡಿ ಅಂದ್ರೆ ಹೊಳೆ ದಂಡೆ. ಮನೇಲಿ ಹೊಳೆ ಎಲ್ಲಿದೆ?”

ನಗಲಿಲ್ಲ. ಪೊರಕೆ ಕಿತ್ತುಕೊಂಡು ಮೂಲೆಗಿಟ್ಟರು.

ದೇವರೇ, ನನಗೆ ಕೋಪ ಕೊಡಬೇಡ. ಕೊಟ್ಟರೆ ಜೊತೆಗೆ ಬಾಯಿ ಕೊಡಬೇಡ.

ಮಾರ್ಚ್ ೧೧, ಸೋಮವಾರ

ಉಪವಾಸ. ತಟ್ಟೆಗಳು ಬಾಗಿಲಿನ ಎರಡೂ ಬದಿಗೆ ಬಂದಿವೆ. ಅತ್ತ ಚಪ್ಪರಿಸುವ ಸದ್ದು, ಇತ್ತ ಬೂದಿಯ ಗುರ್ರ್. ಆದರೂ ತಿಂದಳು. ಎರಡು ದಿನದಲ್ಲಿ ಬಾಗಿಲು ಒಂದಿಷ್ಟು ತೆರೆದು ನೋಡೋಣ ಅಂದರು ಅತ್ತಿಗೆ. ತಲೆಯಾಡಿಸಿದೆ.

ಮಾರ್ಚ್ ೧೪, ಗುರುವಾರ

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಅತ್ತಿಗೆಗೆ ಬೆಳಗಿನ ಪಾಳಿ. ಅವರು ಹೋದ ಮೇಲೆ ಜವಾನ ನಡುಬಾಗಿಲಿಗೆ ಬಂದು ಮೂಸುತ್ತಿತ್ತು. “ಇರು, ನಿನ್ನ ಸೊಕ್ಕು ಇಳಿಸ್ತೀನಿ” ಅಂತ ಬೈದು ಬಾಗಿಲೆಳೆದುಕೊಂಡೆ. ಅಷ್ಟೆ. ಅದು ಅಲ್ಲೇ ಕೂತಿತು. ಸಂದಿಯಲ್ಲಿ ನೋಡಿದರೆ ಎರಡು ಕಣ್ಣು. ಒಂದು ಕುರ್ಚಿ ಮುಗಿಸಿದೆ, ಹಾಗೇ ಇತ್ತು. ಕಿಟಕಿಯ ಬಿಸಿಲು ಅದರ ಬೆನ್ನಮೇಲೆ ಬಂತು, ಜರುಗಲಿಲ್ಲ. ನೀರಿನ ಬಟ್ಟಲು ಅಲ್ಲೇ ಇದೆ, ಕುಡಿಯಲಿಲ್ಲ. ಕೂತಲ್ಲೇ ಉಚ್ಚೆ ಹೊಯ್ದುಕೊಂಡಿತು. ಬೆಕ್ಕು ಹಿಡಿಯಲು ಹೊಂಚು ಹಾಕುವ ಪ್ರಾಣಿಗಲ್ಲದೆ ಯಾವುದಕ್ಕಿರುತ್ತದೆ ಅಂಥ ಹಠ? ಅಡುಗೆಮನೆಗೆ ಹೋಗಲು ಧೈರ್ಯ ಬರಲಿಲ್ಲ. ಅಂಗಡಿಯ ಗಾಡಿಯವನು ಕುರ್ಚಿ ಒಯ್ಯಲು ಬಂದು ಕೂಗಿ ಕೂಗಿ ಹೋದ.

ಮಧ್ಯಾಹ್ನ ತಡೆಯದೆ ಒಂದು ಬೆರಳಷ್ಟು ಬಾಗಿಲು ತೆಗೆದೆ. ಕಾಲ ಕೆಳಗಿಂದ ಕಳ್ಳ ಬಾಣದ ಹಾಗೆ ಹೊರಟಿತು. ಸೀದಾ ಜವಾನನ ಮೂತಿಗೆ ಹಾರಿತು. ರಕ್ತ. ಜವಾನ ತಲೆ ಒದರಿತು. ಕಳ್ಳ ಕಪಾಟಿನ ಮೇಲಕ್ಕೆ ಹಾರಿ, ಅಲ್ಲಿಂದ ಬಿದ್ದು, ಕುಂಟುತ್ತ ಒಳಗೆ ಬಂತು.

ಅತ್ತಿಗೆ ಬಂದು ಬಾಗಿಲಲ್ಲೇ “ಏನೋ ಇದು ಮೂತಿ, ಬಾ ಇಲ್ಲಿ” ಅಂದರು. ಆಗ ಎದ್ದಿತು ಮಹಾರಾಯ.

ನಾನು ಹೇಳಿದೆ. “ನಿಮ್ಮ ನಾಯಿ ಬೆಳಗಿಂದ ಹೊಂಚು ಹಾಕಿ ನನ್ನ ಬೆಕ್ಕಿನ ಕಾಲು ಮುರಿದಿದೆ. ಈ ಮನೇಲಿ ಅದಿರ್ಬೇಕು, ಇಲ್ಲ ನಾನಿರ್ಬೇಕು.”

“ತಡಿ ಪುಟ್ಟಿ.”

“ಎಷ್ಟು ಅಂತ ತಡೀಲಿ? ಬಾಗಿಲಿಗೆ ಆ ಕಡೆಯಿಂದ ಒಂದು ಚಿಲಕ ಹಾಕಿಸಿ. ನಾನು ಹೊರಗೆ ಹೋದಾಗ ಅದು ತಳ್ಳಿ ಒಳಗೆ ಬಂದ್ರೆ ಬೆಕ್ಕುಗಳ ಗತಿಯೇನು?”

ಅತ್ತಿಗೆ ಒದ್ದೆ ಬಟ್ಟೆ ತಂದು ನೆಲ ಒರೆಸಿದರು. ಆಮೇಲೆ ನಾಯಿಯ ಮೂತಿ. ನನ್ನ ಕಡೆ ನೋಡಲಿಲ್ಲ.

ಮಾರ್ಚ್ ೧೫, ಶುಕ್ರವಾರ

ಪಶುಡಾಕ್ಟರು ಕಳ್ಳನ ಕಾಲು ತಿರುಗಿಸಿ ನೋಡಿದರು. ಹಲ್ಲಿನ ಗುರುತಿಲ್ಲವಂತೆ. ಬಿದ್ದು ಉಳುಕಿದೆ, ಅಷ್ಟೆ.

ಮನೆಗೆ ಬಂದರೆ ಬಡಗಿ ಚಿಲಕ ಹೊಡೆಯುತ್ತಿದ್ದ. ಅತ್ತಿಗೆ ಅಂದರು — “ಗೋಡೌನ್ ಕಾವಲಿನವನ ಹತ್ರ ಮಾತಾಡಿದೀನಿ. ದೊಡ್ಡ ನಾಯಿ ಬೇಕಾಗಿತ್ತಂತೆ. ಸೋಮವಾರ ಬಂದು ಕರ್ಕೊಂಡು ಹೋಗ್ತಾನೆ.”

ಡಾಕ್ಟರು ಹೇಳಿದ್ದನ್ನು ಹೇಳಿದೆ. “ಇವತ್ತು ಹಲ್ಲಿಲ್ಲ, ನಾಳೆ ಇರುತ್ತೆ. ನಿನಗೆ ಭಯ ಅಂದ್ಮೇಲೆ ಮುಗೀತು” ಅಂದರು.

ಬೇಡ ಬಿಡಿ ಅನ್ನಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು. ಆದರೆ ಅದು ದಿನವಿಡೀ ಕೂತು ನೋಡಿದ್ದು? ಆ ಕಣ್ಣು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅಣ್ಣನ ನಾಯಿ. ಗೋಡೌನ್ ಗೇಟಿಗೆ ಸರಪಳಿ.

ಮಾರ್ಚ್ ೧೭, ಭಾನುವಾರ, ಸಂಜೆ

ಮೂಲೆಯಂಗಡಿಗೆ ಸೋಪಿಗೆ ಹೋಗಿದ್ದೆ. ಇವೆಲ್ಲ ಅಣ್ಣ ಸುತ್ತುತ್ತಿದ್ದ ಬೀದಿಗಳೇ. ಅಂಗಡಿಯಾಕೆ ಕೇಳಿದಳು, “ಮೀಟರ್ ಅಣ್ಣನ ನಾಯಿ ನಿಮ್ಮನೇಲೇ ಇದೆಯಂತಲ್ಲಾ? ಎಂಥ ನಾಯೀರಿ ಅದು. ‘ಇರು’ ಅಂತ ಅವರು ಒಳಗೆ ಹೋದ್ರೆ ಮುಗೀತು, ಕಲ್ಲು. ಬಿಸಿಲೋ ಮಳೆಯೋ, ‘ಬಾ’ ಅನ್ನೋವರೆಗೂ ಅಲ್ಲಾಡ್ತಿರ್ಲಿಲ್ಲ. ನಮ್ಮ ಯಜಮಾನ್ರಿಗೆ ಹೇಳ್ತಿದ್ದೆ, ನೀವೂ ಹಾಗೆ ಒಂದು ಕಡೆ ಕೂತಿದ್ರೆ ಎಷ್ಟು ಚೆಂದ ಅಂತ.”

ಚಿಲ್ಲರೆ ತೆಗೆದುಕೊಳ್ಳದೆ ಬಂದೆ.

ಅತ್ತಿಗೆ ರಾತ್ರಿಪಾಳಿಗೆ ಹೋಗಿದ್ದರು. ಹಾಲ್‌ನಲ್ಲಿ ನಿಂತು, ಸಣ್ಣ ದನಿಯಲ್ಲಿ “ಇರು” ಅಂದೆ. ಜವಾನ ಕೂತಿತು. ಅಡುಗೆಮನೆಗೆ ಹೋಗಿ ಗೋಡೆ ನೋಡುತ್ತ ನಿಂತೆ. ಬಂದೆ. ಕೂತೇ ಇತ್ತು, ಅದೇ ಕಣ್ಣು. ಹೊಂಚಲ್ಲ ಅದು. ಮುಂದಿನ ಮಾತಿಗೆ ಕಾಯುವ ಕಣ್ಣು. “ಬಾ” ಅಂದೆ. ಬಂದು ನನ್ನ ಹೊಟ್ಟೆಗೆ ತಲೆಯೊತ್ತಿತು. ಮೂತಿಯ ಗೀರು ಇನ್ನೂ ಒಣಗಿಲ್ಲ.

ಗುರುವಾರ ಅದನ್ನು ಕೂರಿಸಿದವಳು ನಾನು. ಬಿಸಿಲಲ್ಲಿ, ಬಾಯಾರಿಸಿ, ಬೆಕ್ಕಿನಿಂದ ಪರಚಿಸಿ. ಅದು ನನ್ನ ಮಾತು ಕೇಳಿತು. ನಾನದನ್ನು ಮನೆ ಬಿಡಿಸಿದೆ.

ಪಾಳಿಯಲ್ಲಿ ಅತ್ತಿಗೆ ಫೋನ್ ಎತ್ತುವುದಿಲ್ಲ, ಬರುವುದು ಬೆಳಿಗ್ಗೆ. ಬೆಳಿಗ್ಗೆ ಸೋಮವಾರ. ಬರೆದು ತೋರಿಸಬೇಕು.

ಮಾರ್ಚ್ ೧೮, ಸೋಮವಾರ, ಬೆಳಿಗ್ಗೆ

ಉಪವಾಸ. ಮೌನ. ಅಣ್ಣನ ವರ್ಷಕ್ಕೆ ಇದೇ ಕೊನೆಯ ಸೋಮವಾರ.

ಹಿಂದಿನ ಬಚ್ಚಲಲ್ಲಿ ಸ್ನಾನ ಮುಗಿಸಿ ಬರುವಷ್ಟರಲ್ಲಿ ನಡುಬಾಗಿಲಿಗೆ ಆ ಕಡೆಯಿಂದ ಚಿಲಕ ಬಿದ್ದಿತ್ತು. ನಾನೇ ಹಾಕಿಸಿದ ಚಿಲಕ. ಬಾಗಿಲು ಬಡಿದೆ. ಗಲಾಟೆ ಬೊಗಳಿದ್ದೇ ಬೊಗಳಿದ್ದು.

“ತಡಿ ಪುಟ್ಟಿ, ಜವಾನನಿಗೆ ಸ್ನಾನ ಮಾಡಿಸ್ತಿದೀನಿ. ಕೊಟ್ಟು ಕಳಿಸೋವಾಗ ಕೊಳೆ ಇರ್ಬಾರ್ದು ನೋಡು. ಅವನು ಹೋದ್ಮೇಲೆ ಚಿಲಕ ತೆಗೀತೀನಿ. ಅಲ್ಲೀತನಕ ನೀನು ಆರಾಮಾಗಿರು—” ಅಂದವರು ತಟ್ಟನೆ ನುಂಗಿಕೊಂಡು, “ಆರಾಮಾಗಿ ಕೂತ್ಕೋ” ಅಂದರು.

ಚೀಟಿ ಬರೆಯಲು ಕೂತೆ. ಏನಂತ ಬರೆಯಲಿ? ತಪ್ಪು ನನ್ನದು ಅಂತ ದೇವರಿಗೆ ಹೇಳುವುದು ಸುಲಭ, ಅವನು ತಿರುಗಿ ಮಾತಾಡುವುದಿಲ್ಲ. ಅತ್ತಿಗೆಗೆ ಬರೆಯಲು ಕೈ ಏಳಲಿಲ್ಲ. ಬರೆದೆ, ಹರಿದೆ. ಚೂರುಗಳನ್ನು ಬೂದಿ ಆಡಿಸುತ್ತಿದ್ದಾಳೆ.

ಮಧ್ಯಾಹ್ನ

ಅತ್ತಿಗೆ ಬಂದು ಬಾಗಿಲಿಗೆ ಬೆನ್ನು ಕೊಟ್ಟು ಕೂತರು. ಒದ್ದೆ ನಾಯಿಯ ವಾಸನೆ ಸಂದಿನಿಂದ ಬಂತು.

“ಇವತ್ತು ನೀನು ಮಾತಾಡಲ್ಲ, ಒಳ್ಳೇದೇ ಆಯ್ತು. ಎದುರುತ್ತರ ಇಲ್ಲದಿದ್ರೆ ನಂಗೂ ನಾಲ್ಕು ಮಾತು ಬರುತ್ತೆ.”

ಟವೆಲ್ಲಿನಲ್ಲಿ ಜವಾನನ ಮೈ ಉಜ್ಜುವ ಸದ್ದು.

“ಅವತ್ತು ಎದೆನೋವು ಅಂತ ನಿಮ್ಮಣ್ಣ ನಡ್ಕೊಂಡೇ ಆಸ್ಪತ್ರೆಗೆ ಬಂದ್ರು. ಗೇಟಲ್ಲಿ ಇವನಿಗೆ ಆ ಮಾತು ಹೇಳಿ ಕೂರಿಸಿದ್ರು. ಒಳಗೆ ಹೋದ್ರು. ಆಮೇಲಿನದು ನಿಂಗೊತ್ತು. ಇವನು ನಂಗೆ ನೆನಪಾಗಿದ್ದು ಮಾರನೇ ದಿನ. ಹೋದ್ರೆ ಹಾಗೇ ಕೂತಿದ್ದಾನೆ. ಬಾ ಅಂದೆ. ಎದ್ದು, ನನ್ನ ಕಡೆ ಬರಲಿಲ್ಲ ಪುಟ್ಟಿ, ನನ್ನ ಹಿಂದೆ ಯಾರಾದ್ರೂ ಬರ್ತಾರಾ ಅಂತ ಇಣುಕಿದ. ಅವತ್ತಿಂದ ಅವರ ಆ ಕೂರಿಸೋ ಮಾತು ನನ್ನ ಬಾಯಲ್ಲಿ ಬರಲ್ಲ. ತಡಿ ಅಂತೀನಿ. ನೀನು ನಕ್ಕೆ.”

ನಾನು ಬಾಗಿಲಿಗೆ ಹಣೆಯಿಟ್ಟೆ.

“ನೀನು ಈ ಮನೆಗೆ ಬಂದಾಗ್ಲೂ ನಿಂಗೆ ಹೇಳ್ಬೇಕು ಅಂತಿದ್ದೆ. ಇಲ್ಲೇ… ಹೇಳೋಕೆ ಹೋದ್ರೆ ಆ ಗೇಟು ಕಣ್ಮುಂದೆ ಬರುತ್ತೆ. ನಾಯಿ ಎಲ್ಲಾದ್ರೂ ಬದುಕುತ್ತೆ. ನಂಗೆ ನಿಮ್ಮಣ್ಣನ ಕಡೆಯೋರು ಅಂತ ಉಳಿದಿರೋದು ನೀನೊಬ್ಳೇ. ಅದು ಹೋಗ್ಲಿ. ನೀನು ಇರು.”

ಆ ಕಡೆ ನೆಲಕ್ಕೆ ಧೊಪ್ಪೆಂದು ಏನೋ ಕೂತ ಸದ್ದು. ಜವಾನ.

“ಅಯ್ಯೋ, ನಿಂಗಲ್ವೋ” ಅಂದರು ಅತ್ತಿಗೆ. ನಕ್ಕರೋ ಅತ್ತರೋ ತಿಳಿಯಲಿಲ್ಲ. ಎದ್ದು ಅಂಗಳದ ಕಡೆ ಹೋದರು. ಬಾ ಅನ್ನುವುದನ್ನು ಮರೆತು ಹೋದರು.

ಕೂಡಲೇ ಬರೆದೆ. ಹರಿಯಲಿಲ್ಲ. “ಗುರುವಾರ ಅದಕ್ಕೆ ಇರು ಅಂದವಳು ನಾನು. ಅದರ ತಪ್ಪಿಲ್ಲ. ಜವಾನ ಇರಲಿ. ನಾನೂ ಇರುತ್ತೇನೆ.” ಮಡಿಸಿ ಬಾಗಿಲ ಅಡಿಯಿಂದ ತಳ್ಳಿದೆ.

ಮೂರೂವರೆ

ನೆಲಕ್ಕೆ ಕೆನ್ನೆಯಿಟ್ಟು ನೋಡುತ್ತಿದ್ದೇನೆ. ಜವಾನನ ಎರಡು ಮುಂಗಾಲು ಕಾಣುತ್ತವೆ. ಚೀಟಿ ಎಟುಕುವಷ್ಟು ಹತ್ತಿರ ಇತ್ತು. ಮುದುಕಿ ಪಕ್ಕಕ್ಕೆ ಬಂದು ಸಂದಿನಲ್ಲಿ ಕೈ ತೂರಿಸಿ ಅದನ್ನು ತಟ್ಟಿದಳು. ಇನ್ನೊಮ್ಮೆ ತಟ್ಟಿದಳು. ಈಗ ಅದು ಜವಾನನ ಪಾದದ ಕೆಳಗೆ. ಮುದುಕಿಯ ಉಗುರು ಅದರ ಬೆರಳಿಗೆ ತಾಗಿತು. ಜವಾನ ಕಾಲೆಳೆಯಲಿಲ್ಲ. ಮುದುಕಿಯೂ ಕೈ ಎಳೆದುಕೊಂಡಿಲ್ಲ.

ಹೊರಗೆ ಬೈಕು ನಿಂತಿತು. ಗಂಡಸಿನ ದನಿ. ಗೋಡೌನ್‌ನವನು. ಸರಪಳಿಯ ಸದ್ದು.

ಬಾಗಿಲು ಬಡಿದೆ. ಗಲಾಟೆ ನನಗಿಂತ ಜೋರು.

“ಏನಮ್ಮಾ ಇದು, ಏಳ್ತಾನೇ ಇಲ್ವಲ್ಲ. ಬಂಡೆ ಎಳೆದಂಗಾಯ್ತು.”

ಮತ್ತೆ ಸರಪಳಿ ಜಗ್ಗುವ ಸದ್ದು.

“ನೀವೊಂದು ಸಲ ಕರೀರಿ. ನಿಮ್ಮ ಮಾತಿಗೆ ಏಳುತ್ತೆ.”

ಅತ್ತಿಗೆ ಕರೆಯುತ್ತಿಲ್ಲ. ಅವರ ಚಪ್ಪಲಿ ಕಾಣುತ್ತಿದೆ, ಜವಾನನ ಪಕ್ಕದಲ್ಲೇ. ಒಂದು ಅಕ್ಷರ ಅಂದರೆ ಅದು ಎದ್ದು ಹೋಗುತ್ತದೆ. ನಾನು ಒಂದು ಅಕ್ಷರ ಅಂದರೆ ವರ್ಷದ ಮೌನ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಹೊತ್ತು ಮುಳುಗಲು ಇನ್ನೂ ಬಹಳ ಇದೆ. ದೇವರೇ, ಅವರು ಬಾಯಿ ತೆರೆದರೆ ನಾನೂ ತೆರೆಯುತ್ತೇನೆ, ಆಮೇಲೆ ನನ್ನನ್ನು ಕೇಳಬೇಡ. ಅಣ್ಣನನ್ನು ಕೇಳು.

ಉತ್ತರ ಜವಾನನ ಬಲಗಾಲಡಿ ಇದೆ. ಯಾರಾದರೂ ಬಗ್ಗಿ ಎತ್ತಿಕೊಳ್ಳಿ. ಅತ್ತಿಗೇ, ಬಾ ಅನ್ನುವ ಮೊದಲು ಒಂದು ಸಲ ಕೆಳಗೆ ನೋಡಿ —