ಕೆಂಪು ದೀಪದ ಮೇಲಿನ ಟೇಪು

ಮನೆಯಿಂದ,
ಗುರುವಾರ, ಮಾರ್ಚ್ ೧೪

ಪ್ರೀತಿಯ ಯಜಮಾನರಿಗೆ,

ಹೇಗಿದ್ದೀರಿ? ಸೇತುವೆ ಕೆಲಸ ಎಲ್ಲಿಗೆ ಬಂತು? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀರಾ, ಇಲ್ಲ ಶೆಡ್ಡಿನ ಟೀಯಲ್ಲೇ ದಿನ ದೂಡುತ್ತಿದ್ದೀರಾ? ನಾವು ಚೆನ್ನಾಗಿದ್ದೇವೆ ಎಂದು ಬರೆಯಲು ಹೊರಟೆ, ಆದರೆ ಇವತ್ತು ಸುಳ್ಳು ಬರೆಯಲಾರೆ.

ಬೆಳಿಗ್ಗೆ ಎಂದಿನಂತೆ ಅತ್ತೆಯನ್ನು ಮಂಡಿನೋವಿನ ವ್ಯಾಯಾಮಕ್ಕೆ ಬಿಟ್ಟು ಪ್ರಿಂಟಿಂಗ್ ಪ್ರೆಸ್ಸಿನ ಕೆಲಸಕ್ಕೆ ಹೋಗೋಣವೆಂದು ನಮ್ಮ ಮುದಿ ಕಾರು ತೆಗೆದೆ. ನೀವು ಹೇಳಿದಂತೆ ರೇಡಿಯೇಟರಿಗೆ ನೀರು ಹಾಕಿದ್ದೆ, ಟೈರಿನ ಗಾಳಿ ನೋಡಿದ್ದೆ. ನೀರಿನ ಟ್ಯಾಂಕಿನ ಪಕ್ಕದ ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಪೆಡಲ್ ಸೀದಾ ಕೆಳಕ್ಕೇ ಹೋಯಿತು! ಗೇರು ಇಳಿಸಿ ಹ್ಯಾಂಡ್‌ಬ್ರೇಕ್ ಎಳೆದೆ. ಯಾರೋ ಮನೆ ಕಟ್ಟಲು ಸುರಿದಿದ್ದ ಮರಳಿನ ಗುಡ್ಡೆಗೆ ಮೂತಿ ತೂರಿಸಿ ಕಾರು ನಿಂತಿತು. ಅತ್ತೆ ಕಣ್ಣು ಮುಚ್ಚಿಕೊಂಡೇ, “ನಿಂತಿತೇನೇ? ಹಾಗಾದ್ರೆ ಕಣ್ಣು ಬಿಡ್ತೀನಿ” ಅಂದರು. ಯಾರಿಗೂ ಒಂದು ಗೀರೂ ಆಗಿಲ್ಲ, ಗಾಬರಿಯಾಗಬೇಡಿ. ಅಲ್ಲ, ಸ್ವಲ್ಪ ಗಾಬರಿಯಾಗಿ. ನಿಮಗೂ ಗೊತ್ತಾಗಲಿ.

ಗ್ಯಾರೇಜಿನವರು ನೋಡಿದರೆ ಹಿಂದಿನ ಚಕ್ರದ ಹತ್ತಿರ ಬ್ರೇಕ್ ಆಯಿಲ್ ಸೋರಿ ಸೋರಿ ಡಬ್ಬಿ ಪೂರ್ತಿ ಖಾಲಿ. “ಅಕ್ಕಾ, ಸ್ಟೀರಿಂಗ್ ಮುಂದೆ ಬ್ರೇಕಿನ ಕೆಂಪು ದೀಪ ಹತ್ತಿರಬೇಕಲ್ಲ, ನೋಡ್ಲಿಲ್ವಾ?” ಅಂತ ಕೇಳಿದರು. ಹತ್ತಲೇ ಇಲ್ಲ ಎಂದು ಜಗಳಕ್ಕೇ ನಿಂತೆ. ಬೇಕಾದರೆ ನೋಡಿ ಎಂದು ಕೀ ತಿರುಗಿಸಿ, ದೀಪದ ಜಾಗದ ಮೇಲೆ ಬೆರಳಿಟ್ಟೆ. ಉಗುರಿಗೆ ಏನೋ ಅಂಟಿತು. ಕಪ್ಪು ಟೇಪು, ರೀ! ಕಿತ್ತರೆ ಒಳಗೆ ದೀಪ ಕೆಂಪಗೆ ಉರಿಯುತ್ತಿದೆ. ಟೇಪಿನ ನಾಲ್ಕೂ ಮೂಲೆಯನ್ನು ಯಾರೋ ದುಂಡಗೆ ಕತ್ತರಿಸಿದ್ದರು. ಅಷ್ಟು ನಾಜೂಕು ಈ ಮನೆಯಲ್ಲಿ ಇನ್ಯಾರಿಗಿದೆ? ಪ್ರತಿ ಭಾನುವಾರ ಬಾನೆಟ್ ಎತ್ತಿ ಪುಟ್ಟ ಬಾಟಲಿಯಿಂದ ಏನೋ ಸುರಿದು, “ಕಾರಿಗೆ ಟಾನಿಕ್” ಅನ್ನುತ್ತಿದ್ದಿರಿ. ನಾನೂ ಪೆದ್ದಿಯಂತೆ ನಗುತ್ತಿದ್ದೆ. ಅದು ಬ್ರೇಕ್ ಆಯಿಲ್ ಅಂತ ಈಗ ಹೊಳೆಯಿತು. ಕೆಂಪು ದೀಪ ಕಂಡರೆ ಅತ್ತೆ ಇಳಿದು ನಡೆದೇ ಹೋಗುತ್ತಾರೆ, ನಾನು ಚಿಂತೆಯಲ್ಲಿ ಊಟ ಬಿಡುತ್ತೇನೆ, ಅದಕ್ಕೇ ಮುಚ್ಚಿದಿರಿ ಅಂತ ಗೊತ್ತು. ಆದರೆ ಸೈಟಿಗೆ ಹೋಗುವಾಗಲಾದರೂ ಒಂದು ಮಾತು ಹೇಳಬಾರದಿತ್ತೇ? ಸಿಟ್ಟಿಗಿಂತ ಹೆಚ್ಚಾಗಿ ನನಗೆ ನಂಬಲಿಕ್ಕೇ ಆಗುತ್ತಿಲ್ಲ.

ಅತ್ತೆಗೆ ಹೇಳಿದೆ. “ನನ್ನ ಮಗ ಹಾಗೆಲ್ಲ ಮಾಡಲ್ಲ” ಅಂದರು. ಟೇಪನ್ನು ಕೈಗೆ ತೆಗೆದುಕೊಂಡು ಅದರ ದುಂಡು ಮೂಲೆ ಸವರಿ, “ಮಾಡ್ತಾನೆ” ಅಂದರು. ಆಮೇಲೆ ಒಳಗೆ ಹೋಗಿ ಮಲಗಿದ್ದಾರೆ. ನಿಮ್ಮ ಸೈಟಿನ ಲಾರಿ ಡ್ರೈವರ್ ಸಿಮೆಂಟು ತುಂಬಿಸಿಕೊಂಡು ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿದ್ದಾರೆ. ಈ ಪತ್ರ ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ಬಿಸಿಲಲ್ಲಿ ಟೋಪಿ ಹಾಕಿಕೊಳ್ಳಿ. ಅತ್ತೆಯ ಆಶೀರ್ವಾದ ಇದ್ದೇ ಇದೆ.

ಇಂತಿ, ನಿಮ್ಮ ಮೇಲೆ ಕೋಪವಿದ್ದರೂ
ನಿಮ್ಮವಳೇ ಆದ
ಮನೆಯಾಕೆ

ತಾ.ಕ.: ಲಕೋಟೆ ಅಂಟಿಸುತ್ತಿದ್ದಾಗ ಅತ್ತೆ ಎದ್ದು ಬಂದು ಅಳುತ್ತಾ ಬಾಯಿಬಿಟ್ಟರು. ಹೊರಡುವ ಹಿಂದಿನ ದಿನ ನೀವು ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಸಿದು ಕೂತಿರಂತೆ, ಬೆವರಿ ಅಂಗಿಯೆಲ್ಲ ಒದ್ದೆಯಂತೆ, “ಅವಳಿಗೆ ಹೇಳ್ಬೇಡಮ್ಮ” ಅಂತ ಆಣೆ ಹಾಕಿಸಿಕೊಂಡಿರಂತೆ. ಇದನ್ನು ಓದಿದ ಕೂಡಲೇ ಅದೇ ಲಾರಿ ಹತ್ತಿ ಆಸ್ಪತ್ರೆಗೆ ಹೋಗಿ. ಡ್ರೈವರಿಗೆ ಎಲ್ಲ ಹೇಳಿದ್ದೇನೆ. ನೀವು ಹತ್ತಿ ಕೂರುವವರೆಗೂ ಅವರು ಒಂದು ಮೂಟೆಯನ್ನೂ ಇಳಿಸುವುದಿಲ್ಲ.