ಅಜ್ಜನ ಪಾಲಿನ ಗ್ಲಾಸು

ಪ್ರೀತಿಯ ಅಪ್ಪನಿಗೆ, ಜರ್ಮನಿಯಿಂದ ಮಗಳ ನಮಸ್ಕಾರ.

ಇಲ್ಲಿ ಹದಿನಾರು ತುಂಬಿದ ಮಕ್ಕಳು ಬಿಯರು ಕುಡಿಯಬಹುದು, ಕಾನೂನೇ ಒಪ್ಪುತ್ತದೆ. ನಾನಿರುವ ಮನೆಯ ಅಜ್ಜಿ ಊಟಕ್ಕೆ ಒಂದು ಗ್ಲಾಸು ಕೊಟ್ಟರು. ಬೇಡ ಎನ್ನಲು ಸಂಕೋಚವಾಯಿತು. ಆಟಿ ತಿಂಗಳಲ್ಲಿ ನಾವು ಲಾಯಿಲದ ಮನೆಯಲ್ಲಿ ತೀರಿಹೋದ ಅಜ್ಜನಿಗೆ ಶೇಂದಿ ಇಡುವ ಹಾಗೆ, ಆ ಗ್ಲಾಸನ್ನು ಈ ಅಜ್ಜಿಯ ಗಂಡನ ಫೋಟೋದ ಎದುರು ಇಟ್ಟು ಕೈಮುಗಿದೆ. ಅಜ್ಜಿ ಅತ್ತೇಬಿಟ್ಟರು. ಈಗ ದಿನಾ ಫೋಟೋಕ್ಕೆ ಬಿಯರು, ನನಗೆ ಸೇಬಿನ ಜ್ಯೂಸು. ಇಬ್ಬರೂ ಖುಷಿಯಲ್ಲಿದ್ದೇವೆ.

“ನಿಮ್ಮಲ್ಲಿ ಆಮೇಲೆ ಅದನ್ನು ಯಾರು ಕುಡಿಯುತ್ತಾರೆ?” ಎಂದು ನಿನ್ನೆ ಕೇಳಿದರು.

“ಬಾಗಿಲು ಹಾಕಿ ಹೊರಗೆ ನಿಲ್ಲುತ್ತೇವೆ, ಅಜ್ಜ ಬಂದು ಕುಡಿಯುತ್ತಾರೆ” ಎಂದೆ. ಬಾಗಿಲು ತೆರೆದ ಮೇಲೆ ನೀವು ಮುಗಿಸುವುದನ್ನು ಹೇಳಲಿಲ್ಲ.

ಈ ಆಟಿಗೆ ನನ್ನ ಮಾತು ಸುಳ್ಳು ಮಾಡಬೇಡಿ, ಅಪ್ಪ.

ನಿಮ್ಮ
ವಿಸ್ಮಿತಾ