ದಿಬ್ಬದ ಪಕ್ಕದ ಸೀಡರ್ ಮರ

ನೆಬ್ರಾಸ್ಕಾ
ಏಪ್ರಿಲ್ 21, 1996

ಪ್ರೀತಿಯ ಮಾರ್ಲಿಸ್,

ನಿನ್ನ ಕ್ರಿಸ್‌ಮಸ್ ಕಾಗದಕ್ಕೆ ಏಪ್ರಿಲ್‌ನಲ್ಲಿ ಉತ್ತರ ಬರೆಯುತ್ತಿರುವ ಈ ಮಾವನನ್ನು ಬೈದುಕೊಂಡೇ ಓದು, ಪರವಾಗಿಲ್ಲ. ಚಳಿಗಾಲವೆಲ್ಲ ಗರಗಸ ಹಿಡಿದು ಬೆರಳುಗಳಿಗೆ ಪೆನ್ನು ಮರೆತೇಹೋಗಿದೆ. ಎಂಟನೇ ತರಗತಿಗೆ ಶಾಲೆ ಬಿಟ್ಟವನ ಅಕ್ಷರ ಮೊದಲೇ ಕೋಳಿ ಕೆದರಿದ ಹಾಗಿತ್ತು. ಈಗ ಕೋಳಿಯೇ ವಾಸಿ.

ಸುದ್ದಿ ಕೇಳು. ನಮ್ಮ ಹುಲ್ಲುಗಾವಲನ್ನು ನುಂಗುತ್ತಿದ್ದ ಸೀಡರ್ ಮರಗಳಲ್ಲಿ ನಾನೂರ ಹನ್ನೆರಡನ್ನು ಒಬ್ಬನೇ ಉರುಳಿಸಿದೆ. ಈ ಸೀಮೆಯಲ್ಲಿ ಅಷ್ಟು ಕಡಿದ ಇನ್ನೊಬ್ಬ ಗಂಡಸಿದ್ದರೆ ಮುಂದೆ ಬರಲಿ. ಮಾರ್ಚ್‌ನಲ್ಲಿ ಗಾಳಿ ನೋಡಿಕೊಂಡು ತೆಂಕಣ ಗುಡ್ಡದ ಒಣಹುಲ್ಲಿಗೆ ಬೆಂಕಿಯನ್ನೂ ಇಟ್ಟೆವು. ಪಕ್ಕದ ಜಮೀನಿನ ವರ್ಲಿನ್ ನೀರಿನ ಟ್ಯಾಂಕು ತಂದಿದ್ದ. ಹುಬ್ಬು ಸುಟ್ಟುಕೊಂಡವನು ಅವನು, ನಾನಲ್ಲ. ಬೇರೆ ಥರ ಹೇಳಿದರೆ ನಂಬಬೇಡ. ಈಗ ಆ ಕರಿಯ ಗುಡ್ಡದ ತುಂಬ ಬೆರಳುದ್ದದ ಹಸಿರು.

ಹುಲ್ಲುಗಾವಲಿನ ಕಾಡುಕೋಳಿಗಳದ್ದೇ ಚಿಂತೆ. ಮನೆಯ ಹಿಂದಿನ ದಿಬ್ಬದ ಮೇಲೆ ಹುಂಜಗಳು ಬೆಳಗಿನ ಜಾವ ಕತ್ತು ಉಬ್ಬಿಸಿ ಕುಣಿಯುವಾಗ, ನಿಮ್ಮತ್ತೆ ಆರ್ಡಿಸ್ ಗಾಡಿಯೊಳಗೆ ಕೂತು ಎಣಿಸಿ, ಅಡುಗೆಮನೆಯ ಬಾಗಿಲ ಮೇಲೆ ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದಳಲ್ಲ, ಅವಳ ಕೊನೆಯ ಅಂಕಿ ಇಪ್ಪತ್ತಮೂರು. ಅದರ ಕೆಳಗೆ ನನ್ನವು ಹದಿನಾರು, ಒಂಬತ್ತು. ಈ ವರ್ಷ ನಾಲ್ಕು. ನಾನು ನರಿಗಳನ್ನು ಬೈದೆ, ಆಲಿಕಲ್ಲನ್ನು ಬೈದೆ, ಕೊನೆಗೆ ವರ್ಲಿನ್‌ನ ನಾಯಿಯನ್ನೂ ಬೈದೆ. ನಮ್ಮ ಅಡುಗೆಮನೆಯಲ್ಲೇ ಕೂತಿದ್ದ ಅವನು ಕಾಫಿ ಲೋಟ ಕೆಳಗಿಟ್ಟ.

"ನಾಯಿಗ್ಯಾಕಪ್ಪಾ ಬೈತೀಯ ಎಲ್ಡನ್? ನಾನೂರು ಮರ ಕಡಿದೆ ಅಂತ ಊರೆಲ್ಲ ಸಾರ್ಕೊಂಡು ಬಂದೆ. ಗಿಡುಗ ಕೂತು ಹೊಂಚು ಹಾಕೋ ಮರಾನ ಮಾತ್ರ ದಿಬ್ಬದ ಪಕ್ಕದಲ್ಲೇ ಬಿಟ್ಟಿದ್ದೀಯ."

"ಅದು ನೆರಳಿಗೆ ಕಣೋ."

"ಯಾರಿಗೆ ನೆರಳು? ಅದರ ಕೆಳಗಿನ ಬೆಂಚಿನ ಮೇಲೆ ಕೂರೋನು ನೀನೊಬ್ಬನೇ."

"ನಿನ್ನ ಬಾಯಿಗೆ ಬಿಸ್ಕತ್ತು ಹಾಕಿದ್ದು ನನ್ನದೇ ತಪ್ಪು."

ನಕ್ಕೆವು. ಅವನು ಹೋದ ಮೇಲೆ ನಾನು ಒಲೆ ಹಚ್ಚಲಿಲ್ಲ.

ನೀನು ಆರು ವರ್ಷದವಳಾಗಿ ನಮ್ಮ ಮನೆಗೆ ಬಂದ ವರ್ಷ, ನೀನೂ ಅತ್ತೆಯೂ ಕಾಫಿ ಡಬ್ಬಿಯಲ್ಲಿ ತಂದು ನೆಟ್ಟ ಸಸಿ ಅದು. ಅವಳನ್ನು ಮಣ್ಣು ಮಾಡಿದ ದಿನ ಕಾರು ಹತ್ತುವಾಗ ನೀನು, "ಅದೊಂದನ್ನ ಮುಟ್ಬೇಡ ಮಾವ," ಎಂದೆ. ನಾನು ಎದೆ ಮುಟ್ಟಿಕೊಂಡು ಹೂಂ ಎಂದಿದ್ದೆ. ಇದನ್ನೆಲ್ಲ ವರ್ಲಿನ್‌ಗೆ ಹೇಳಲಿಲ್ಲ.

ನಿನ್ನ ಗಂಡನಿಗೂ ಮಗುವಿಗೂ ನನ್ನ ಆಶೀರ್ವಾದ. ಮಗುವಿಗೆ ಹುಂಜದ ಕುಣಿತ ನಾನೇ ಕಲಿಸಬೇಕು. ಹುಂಜಗಳಿಗಿಂತ ನನಗೇ ಚೆನ್ನಾಗಿ ಬರುತ್ತದೆ. ಹೊಟ್ಟೆ ತುಂಬ ಉಣ್ಣು, ತಣ್ಣಗಿರು.

ನಿನ್ನ ಮಾವ,
ಎಲ್ಡನ್

ತಾ.ಕ.: ಮೇಲೆ ನಾನೂರ ಹನ್ನೆರಡು ಎಂದೆನಲ್ಲ, ನಾನೂರ ಹದಿಮೂರು. ಆ ಒಂದನ್ನು ಮಂಗಳವಾರ ಕಡಿದೆ. ಮಾರನೆಯ ಬೆಳಗ್ಗೆ ಗಿಡುಗ ಬಂದು, ಎರಡು ಸುತ್ತು ಹಾಕಿ, ಕೂರಲು ಜಾಗವಿಲ್ಲದೆ ಹೋಯಿತು. ನಾಲ್ಕೂ ಕುಣಿದವು. ಈಗ ಅಡುಗೆಮನೆಯ ಕಿಟಕಿಯಿಂದ ಮೂರು ಮೈಲಿ ಆಚೆಯ ರಸ್ತೆಯ ತಿರುವಿನವರೆಗೂ ಕಾಣುತ್ತದೆ. ಯಾರ ಗಾಡಿ ಈ ಕಡೆ ತಿರುಗಿದರೂ ಗೊತ್ತಾಗುತ್ತದೆ. ಇದುವರೆಗೆ ತಿರುಗಿದ್ದು ಅಂಚೆಯವನದ್ದು ಮಾತ್ರ.